36ಲಿಅ: ನುಡಿಯಲ್ಲಿದ್ದ ಹಳೆಯ ಪುಸ್ತಕವೊಂದನ್ನು ಇ-ಪಬ್ ಮಾಡಿದ ಕೆಲಸದ ದಾಖಲೆ

ಅಡಿಕೆ ತೋಟದ ನಿರ್ವಹಣೆ ಕುರಿತು ದೊಡ್ಡಪ್ಪ ಬರೆದ ಕಿರುಹೊತ್ತಗೆಯ ಇ-ಪಬ್ (ಇ-ಪುಸ್ತಕದ ಫೈಲು) ಸಿದ್ಧವಾಗಿದೆ. ಇಪಬ್‌ಚೆಕ್ ಎಂಬ ತಪಾಸಣೆಯ ತಂತ್ರಾಂಶ ಒಂದೂ ತಪ್ಪು ತೋರಿಸದೆ ಅದನ್ನು ಪಾಸು ಮಾಡಿದೆ. ಅಚ್ಚಾದ ಪ್ರತಿಗಳು ಮುಗಿದು ವರ್ಷಗಳಾಗಿದ್ದವು, ಕೇಳುವವರು ಮಾತ್ರ ಇದ್ದೇ ಇದ್ದರು. ಮೂಲ ಫೈಲುಗಳೆಲ್ಲ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳನ್ನೇ ಕನ್ನಡಕ್ಕೂ ಬಳಸುವ ಫಾಂಟಿನಲ್ಲಿದ್ದವು. ಇಂಥವನ್ನು ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವ ಯೂನಿಕೋಡ್‌ಗೆ ತರುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಒಂದು ಗುಂಡಿ ಒತ್ತಿದರೆ ಮುಗಿಯಿತು ಎಂದೇ ಎಲ್ಲರೂ ಹೇಳುತ್ತಾರೆ. ಕನ್ನಡ ಅಕ್ಷರಗಳ ಮಟ್ಟಿಗೆ ಅದು ನಿಜವೂ ಹೌದು. ತೊಡಕು ಇರುವುದು &, <, °, ½, × ಇಂಥ ಚಿಹ್ನೆಗಳಲ್ಲಿ, ಮತ್ತು ಅವು ಮಾರ್ಕಪ್ ಫೈಲಿನೊಳಗೆ (ಪಠ್ಯದ ಜೊತೆ ಕೋನಾವರಣದ ಟ್ಯಾಗುಗಳೂ ಇರುವ ಫೈಲು) ಎಸ್ಕೇಪ್ ಆಗಿ, ಅಂದರೆ ನೇರ ಚಿಹ್ನೆಯ ಬದಲು ಸಂಕೇತವಾಗಿ, ಕುಳಿತಿರುವ ಬಗೆಯಲ್ಲಿ. ಗೊಬ್ಬರದ ಪ್ರಮಾಣ, ಸುಣ್ಣದ ತೂಕ, ಗಿಡಗಳ ನಡುವಿನ ಅಂತರ: ಓದಿದವರು ಹೇಳಿದ ಹಾಗೇ ಮಾಡುವ ಪುಸ್ತಕ ಇದು. ಇದರಲ್ಲಿ ಒಂದು ½ ಅಳಿಸಿಹೋದರೆ ಅದನ್ನು ಕಾಗುಣಿತದ ದೋಷವೆಂದು ಬಿಡುವಂತಿಲ್ಲ. ಆದ್ದರಿಂದಲೇ ಮಾಡಿದ ಕ್ರಮವನ್ನೂ ಕೆಟ್ಟುಹೋದ ಪ್ರಯತ್ನಗಳನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಎಂಟಿಟಿಗಳಿಗೆ, ಅಂದರೆ ಹೀಗೆ ಚಿಹ್ನೆಯ ಬದಲು ಬರೆಯುವ ಸಂಕೇತಗಳಿಗೆ, ಹೆಸರಿನ ರೂಪವೂ ಇದೆ, ಅಂಕಿಯ ರೂಪವೂ ಇದೆ. ಇಲ್ಲಿ ಎಲ್ಲವನ್ನೂ ಅಂಕಿಯಲ್ಲೇ ಕೊಟ್ಟಿದ್ದೇನೆ: & ಗೆ &#38;, < ಗೆ &#60;, ಜೋಡಿ ಉದ್ಧರಣೆ ಚಿಹ್ನೆಗೆ &#34;. ಹೀಗೆ ಬರೆಯಲು ಕಾರಣವೂ ಇದೆ, ಹಂತ 7ರಲ್ಲಿ ಬರುತ್ತದೆ.

ಸಲಕರಣೆ ಮತ್ತು ಖರ್ಚು

ಲಿಬ್ರೆ ಆಫೀಸ್, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ, ಇ-ಪಬ್ ತಿದ್ದಲು ಸಿಜಿಲ್, ಇಪಬ್‌ಚೆಕ್, ಓದಿ ನೋಡಲು ಕ್ಯಾಲಿಬರ್. ಎಲ್ಲವೂ ಉಚಿತ. ಇಪಬ್‌ಚೆಕ್ ಓಡಲು ಕಂಪ್ಯೂಟರಿನಲ್ಲಿ ಜಾವಾ ಇರಬೇಕು. ಫಾಂಟ್ ನೋಟೋ ಸೆರಿಫ್ ಕನ್ನಡ; ಓಪನ್ ಫಾಂಟ್ ಪರವಾನಗಿಯಲ್ಲಿ ಇರುವುದರಿಂದ ಪುಸ್ತಕದೊಳಗೆ ಸೇರಿಸಲು ಅಡ್ಡಿಯಿಲ್ಲ. ಹಣ ಖರ್ಚಾದದ್ದು ಎರಡಕ್ಕೆ ಮಾತ್ರ: ಹಳೆಯ ಸಿ.ಡಿ. ಓದಲು ಯುಎಸ್‌ಬಿ ಡ್ರೈವ್‌ಗೆ ಸುಮಾರು ₹1,500, ಕರಡು ತಿದ್ದಲು ಮುದ್ರಿಸಿದ ಹಾಳೆಗಳಿಗೆ ಪುಟಕ್ಕೆ ₹2. ದೊಡ್ಡಪ್ಪನವರು ತೆರೆಯ ಮೇಲೆ ಕರಡು ನೋಡುವುದಿಲ್ಲ, ಕಾಗದವೇ ಬೇಕು.

ಹಂತ 1: ಮೂಲವನ್ನು ಹೊರತೆಗೆಯುವುದು

ಸಿ.ಡಿ.ಯಲ್ಲಿ ಅಧ್ಯಾಯಕ್ಕೊಂದರಂತೆ ವರ್ಡ್ ಫೈಲುಗಳಿದ್ದವು. ಕೊಳೆರೋಗದ ಅಧ್ಯಾಯ ಮಾತ್ರ ಓದಲು ಬರಲಿಲ್ಲ. ಡಿಸ್ಕಿನ ಆ ಭಾಗ ಗೀರಿಹೋಗಿದೆ. ಅದೇ ಅಧ್ಯಾಯವನ್ನು ಹಿಂದೆ ಒಂದು ವೆಬ್ ಪುಟಕ್ಕೂ ಹಾಕಿದ್ದರು. ಪರಿಚಯದವರೊಬ್ಬರು ಆ ಪುಟವನ್ನು ತಮ್ಮ ಕಂಪ್ಯೂಟರಿನಲ್ಲಿ ಉಳಿಸಿಕೊಂಡಿದ್ದರು, ಅವರಿಂದ ಪಡೆದೆ. ಹೀಗೆ ಮೂಲ ಎರಡು ಬಗೆಯದಾಯಿತು: ವರ್ಡ್ ಫೈಲುಗಳು ಮತ್ತು ಒಂದು ಎಚ್‌ಟಿಎಂಎಲ್ ಪುಟ.

ವರ್ಡ್ ಫೈಲುಗಳನ್ನು ಲಿಬ್ರೆ ಆಫೀಸಿನಲ್ಲಿ ತೆರೆದು ಡಾಕ್ಸ್ ರೂಪದಲ್ಲಿ ಉಳಿಸಿದೆ. ಡಾಕ್ಸ್ ಎಂದರೆ ಒಂದು ಜಿಪ್ ಪೆಟ್ಟಿಗೆ. ಒಳಗೆ ಎಕ್ಸ್‌ಎಂಎಲ್ ಫೈಲುಗಳಿರುತ್ತವೆ. ವಾಕ್ಯವು ರನ್ ಎಂಬ ತುಣುಕುಗಳಾಗಿ ಅಲ್ಲಿ ಇರುತ್ತದೆ, ಪ್ರತಿ ತುಣುಕಿನ ಜೊತೆಗೆ ಅದರ ಫಾಂಟಿನ ಹೆಸರೂ ಇರುತ್ತದೆ. ಈ ಫಾಂಟಿನ ಹೆಸರೇ ಮುಂದೆ ಇಡೀ ಕೆಲಸವನ್ನು ಉಳಿಸಿತು.

ಹಂತ 2: ಅಕ್ಷರದ ಹಿಂದಿನ ಸಂಖ್ಯೆಯನ್ನು ನೋಡುವುದು

ನುಡಿಯ ಆಸ್ಕಿ ಫಾಂಟಿನಲ್ಲಿ ಕನ್ನಡ ಎನ್ನುವುದು ಬರಿಯ ಚಿತ್ರ. ಫೈಲಿನಲ್ಲಿ ಇರುವುದು ಇಂಗ್ಲಿಷ್ ಅಕ್ಷರಗಳ ಮತ್ತು ಯುರೋಪಿನ ಚಿಹ್ನೆಗಳ ಸಂಖ್ಯೆಗಳು. ಫಾಂಟ್ ಅವುಗಳ ಮೇಲೆ ಕನ್ನಡದ ತುಣುಕುಗಳನ್ನು ಬರೆಯುತ್ತದೆ. ನುಡಿಯ ಕೋಷ್ಟಕದಿಂದ ಈ ಪುಸ್ತಕಕ್ಕೆ ಬೇಕಾದಷ್ಟನ್ನು ಹೀಗೆ ಗುರುತು ಹಾಕಿಕೊಂಡೆ:

ಲ: 174 (ಎಲ್ಲರಿಗೂ ® ಆಗಿ ಪರಿಚಿತ)
ಲಿ: 176 (°)
ಬಿ: 169 (©)
ಬ: 167 (§)
ಳಿ: 189 (½)
ಸಿ: 185 (¹)
ವಿ: 171 («)
ಹಿ: 187 (»)
ಠ ಒತ್ತು: 215 (×)

‘ಅಲ್ಲ’ ಎಂಬ ಪದ ಫೈಲಿನಲ್ಲಿ 67, 174, 232 ಎಂದಿರುತ್ತದೆ. ‘ಅಲ್ಲಿ’ ಎಂಬುದು 67, 176, 232. ಎರಡಕ್ಕೂ ಇರುವ ವ್ಯತ್ಯಾಸ ನೋಂದಾಯಿತ ಮುದ್ರೆಯ ಚಿಹ್ನೆಗೂ ಡಿಗ್ರಿಯ ಚಿಹ್ನೆಗೂ ಇರುವಷ್ಟೇ. ಸಾಮಾನ್ಯ ಪುಸ್ತಕದಲ್ಲಿ ‘ವಿಶೇಷ ಚಿಹ್ನೆ’ ಎಂದು ಪಕ್ಕಕ್ಕಿಡುವ ಪಟ್ಟಿ ಇಲ್ಲಿ ಪುಸ್ತಕದ ಮೈಯೇ ಆಗಿದೆ. ಈ ಕೋಷ್ಟಕವನ್ನು ಮುದ್ರಿಸಿ ಮೇಜಿನ ಮೇಲೆ ಇಟ್ಟುಕೊಳ್ಳದೆ ಮುಂದಿನ ಹಂತಕ್ಕೆ ಹೋಗಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಹಂತ 3: ಒಮ್ಮೆಲೇ ಪರಿವರ್ತಿಸಿದ್ದು, ಕೆಟ್ಟದ್ದು

ಮೊದಲ ಸುತ್ತಿನಲ್ಲಿ ಇಡೀ ಅಧ್ಯಾಯದ ಪಠ್ಯವನ್ನು ಫಾಂಟಿನ ಗೊಡವೆಯಿಲ್ಲದೆ ಹೊರಗೆ ತೆಗೆದು ಪರಿವರ್ತಕಕ್ಕೆ ಕೊಟ್ಟೆ. ಪುಟದ ಮೇಲೆ ಕಣ್ಣಾಡಿಸಿದರೆ ಕನ್ನಡ ಚೆನ್ನಾಗಿಯೇ ಬಂದಿತ್ತು. ಆದರೆ ಅಡಿಕೆಗೆ ಹಿತವಾದ ಉಷ್ಣಾಂಶ 14ರಿಂದ 36 ಡಿಗ್ರಿ ಸೆಲ್ಸಿಯಸ್ ಎಂದು ಇರಬೇಕಾದಲ್ಲಿ ‘36ಲಿಅ’ ಎಂದಿತ್ತು.

ಕಾರಣ ನೇರವಾಗಿದೆ. ಡಿಗ್ರಿ ಗುರುತನ್ನೂ ಅದರ ಮುಂದಿನ ಇಂಗ್ಲಿಷ್ ‘ಸಿ’ಯನ್ನೂ ಲೇಖಕರು ಇಂಗ್ಲಿಷ್ ಫಾಂಟಿನಲ್ಲಿ ಹಾಕಿದ್ದರು. ಫಾಂಟ್ ಕಳೆದ ಮೇಲೆ ಉಳಿದದ್ದು 176 ಮತ್ತು 67. ನುಡಿಯ ಕೋಷ್ಟಕದಲ್ಲಿ 176 ಎಂದರೆ ಲಿ, 67 ಎಂದರೆ ಅ. ಪರಿವರ್ತಕ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಅದಕ್ಕೆ ಬೇಕಾದ ಮಾಹಿತಿಯೇ ಸಿಕ್ಕಿರಲಿಲ್ಲ.

ಅದೇ ರೀತಿ ‘ಪ್ರತಿ ಮರಕ್ಕೆ ½ ಕೆ.ಜಿ. ಸುಣ್ಣ’ ಎಂಬುದು ‘ಪ್ರತಿ ಮರಕ್ಕೆ ಳಿ ಕೆ.ಜಿ. ಸುಣ್ಣ’ ಆಗಿತ್ತು. ಗಿಡದಿಂದ ಗಿಡಕ್ಕೆ ಬಿಡಬೇಕಾದ 2.7 × 2.7 ಮೀಟರ್ ಅಂತರದ ನಡುವೆ ಗುಣಾಕಾರ ಚಿಹ್ನೆಯ ಜಾಗದಲ್ಲಿ ಆಸರೆಯಿಲ್ಲದ ಠ ಒತ್ತು ಚುಕ್ಕಿ ವೃತ್ತದ ಕೆಳಗೆ ತೂಗುತ್ತಿತ್ತು. ಚುಕ್ಕಿ ವೃತ್ತ ಕಣ್ಣಿಗೆ ಹೊಡೆಯುತ್ತದೆ, ಹಾಗಾಗಿ ಅದು ಸಿಕ್ಕಿಬೀಳುತ್ತದೆ. ಭಯ ಇರುವುದು ‘ಳಿ’ಯಂಥವುಗಳ ಬಗ್ಗೆ. ಒಂಟಿಯಾಗಿ ನಿಂತ ಅಕ್ಷರ ಬೆರಳಚ್ಚಿನ ತಪ್ಪಿನಂತೆ ಕಾಣುತ್ತದೆ, ಕರಡು ತಿದ್ದುವವರು ಅದನ್ನು ಹೊಡೆದುಹಾಕುತ್ತಾರೆ. ಉಳಿಯುವುದು ‘ಪ್ರತಿ ಮರಕ್ಕೆ ಕೆ.ಜಿ. ಸುಣ್ಣ’. ಅದನ್ನು ಓದಿದ ಮುಂದಿನವರು ಒಂದು ಕೆ.ಜಿ. ಎಂದು ತುಂಬಿಕೊಂಡರೆ ಆಶ್ಚರ್ಯವಿಲ್ಲ.

ಹಂತ 4: ಫಾಂಟ್ ನೋಡಿ ಪರಿವರ್ತಿಸುವುದು

ಈ ಬಾರಿ ಪಠ್ಯವನ್ನು ರನ್ ರನ್ ಆಗಿ ಓದುವ ಪೈಥಾನ್ ಸ್ಕ್ರಿಪ್ಟ್ ಬರೆದೆ. ರನ್ನಿನ ಫಾಂಟ್ ಹೆಸರು ‘ನುಡಿ’ ಎಂದು ಆರಂಭವಾದರೆ ಮಾತ್ರ ಪರಿವರ್ತನೆ. ಬೇರೆ ಯಾವ ಫಾಂಟ್ ಇದ್ದರೂ ಇದ್ದ ಹಾಗೇ ದಾಟಿಸುವುದು. ಡಿಗ್ರಿ, ಅರ್ಧ, ಗುಣಾಕಾರ ಮೂರೂ ಸ್ವಸ್ಥಾನಕ್ಕೆ ಬಂದವು.

ನುಡಿಯಲ್ಲೇ ಎರಡು ಬಗೆಯ ಫಾಂಟ್ ಇವೆ. ಹೆಸರಿನ ಕೊನೆಯಲ್ಲಿ ‘ಇ’ ಇದ್ದರೆ ಅಂಕಿಗಳು 1, 2, 3 ಎಂದು ಕಾಣುತ್ತವೆ, ‘ಕೆ’ ಇದ್ದರೆ ೧, ೨, ೩ ಎಂದು. ಫೈಲಿನಲ್ಲಿ ಎರಡಕ್ಕೂ ಸಂಖ್ಯೆ ಒಂದೇ. ಕೋಷ್ಟಕಗಳಲ್ಲಿ ‘ಇ’, ಪುಟ ಸಂಖ್ಯೆಗಳಲ್ಲಿ ‘ಕೆ’ ಬಳಸಿದ್ದರು. ಎಲ್ಲವನ್ನೂ 1, 2, 3ಕ್ಕೆ ತಂದೆ. ಒಂದೇ ಪುಸ್ತಕದಲ್ಲಿ ಎರಡು ಬಗೆ ಇದ್ದರೆ ಹುಡುಕಿದ ಅಂಕಿ ಸಿಗುವುದಿಲ್ಲ.

ಚುಕ್ಕಿ ಪಟ್ಟಿಗಳ ಚುಕ್ಕಿ ಸಿಂಬಲ್ ಎಂಬ ಫಾಂಟಿನಿಂದ ಬಂದಿತ್ತು. ವರ್ಡ್ ಅಂಥ ಚಿಹ್ನೆಯನ್ನು ಖಾಸಗಿ ಬಳಕೆಯ ವಲಯದಲ್ಲಿ ಇಡುತ್ತದೆ: 61440ಕ್ಕೆ ಚಿಹ್ನೆಯ ಸಂಖ್ಯೆ 183 ಕೂಡಿಸಿ 61623. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಇದು ಖಾಲಿ ಚೌಕ. ಅವನ್ನು ತೆಗೆದು ಪಟ್ಟಿಯ ಟ್ಯಾಗ್ ಹಾಕಿದೆ, ಚುಕ್ಕಿಯನ್ನು ಓದುವ ಸಾಧನವೇ ಬರೆದುಕೊಳ್ಳುತ್ತದೆ.

ಹಂತ 5: ಪದದ ನಡುವೆ ತುಂಡಾದ ರನ್‌ಗಳು

ಹಂತ 4 ಮುಗಿದ ಮೇಲೂ ಅಲ್ಲಲ್ಲಿ ‘ತೋಟ’ ಎಂಬ ಪದ ‘ತೆ’ ಎಂದು ಶುರುವಾಗಿ ಮುಂದೆ ಗೊಂದಲವಾಗುತ್ತಿತ್ತು. ಎಲ್ಲ ಕಡೆಯೂ ಅಲ್ಲ. ಒಂದೇ ಪುಟದಲ್ಲಿ ಹತ್ತಾರು ಸಲ ಸರಿ, ಒಂದು ಸಲ ತಪ್ಪು.

ಡಾಕ್ಸ್‌ನ ಒಳಗಿನ ಎಕ್ಸ್‌ಎಂಎಲ್ ತೆರೆದು ನೋಡಿದಾಗ ತಿಳಿಯಿತು. ನುಡಿಯಲ್ಲಿ ‘ತೋಟ’ ಎಂದರೆ ಐದು ಸಂಖ್ಯೆ: 118, 201, 198, 195, 108. ಮೊದಲಿನ ನಾಲ್ಕು ಸೇರಿ ‘ತೋ’, ಕೊನೆಯದು ‘ಟ’. ತಪ್ಪಾದ ಕಡೆ 118 ಮತ್ತು 201 ಒಂದು ರನ್ನಿನಲ್ಲಿದ್ದವು, ಉಳಿದ ಮೂರು ಇನ್ನೊಂದರಲ್ಲಿ. ಎರಡೇ ಸಂಖ್ಯೆ ಸಿಕ್ಕರೆ ಪರಿವರ್ತಕ ಅದನ್ನು ‘ತೆ’ ಎಂದು ಓದುವುದು ಸಹಜ. ವರ್ಡ್ ಹೀಗೆ ಪದವನ್ನು ಕತ್ತರಿಸುತ್ತದೆ: ಯಾರೋ ಎಂದೋ ಅಲ್ಲಿ ಒಂದು ಅಕ್ಷರ ತಿದ್ದಿರುತ್ತಾರೆ, ಅಥವಾ ಇಂಗ್ಲಿಷ್ ಕಾಗುಣಿತ ಪರೀಕ್ಷಕ ತನ್ನ ಗುರುತನ್ನು ಹಾಕಿರುತ್ತದೆ.

ಪರಿಹಾರ: ಪಕ್ಕಪಕ್ಕದ ರನ್‌ಗಳ ಫಾಂಟ್, ದಪ್ಪ, ಓರೆ ಎಲ್ಲವೂ ಒಂದೇ ಆಗಿದ್ದರೆ ಅವನ್ನು ಮೊದಲು ಸೇರಿಸು, ಆಮೇಲೆ ಪರಿವರ್ತಿಸು. ದಪ್ಪ ಅಕ್ಷರದ ಗಡಿ ಒಂದು ಅಕ್ಷರದ ಒಳಗೇ ಬಿದ್ದಿದ್ದ ಕೆಲವು ಕಡೆ ಕೈಯಿಂದ ಸರಿಪಡಿಸಬೇಕಾಯಿತು. ‘ವರ್ಷ’ದಂಥ ಪದದಲ್ಲಿ ಅರ್ಕಾವತ್ತಿನ ಸಂಖ್ಯೆ 240, ಅದು ನುಡಿಯಲ್ಲಿ ‘ಷ’ದ ನಂತರ ಕುಳಿತಿರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಷ ಒಂದು ಟ್ಯಾಗಿನೊಳಗೆ, ಅರ್ಕಾವತ್ತು ಹೊರಗೆ ಉಳಿದರೆ ಯಾವ ಸ್ಕ್ರಿಪ್ಟೂ ಅದನ್ನು ದಾಟಿಸಲಾರದು.

ಇದೇ ಮಾತು ಅಧ್ಯಾಯದ ಆರಂಭದ ದೊಡ್ಡಕ್ಷರಕ್ಕೂ ಅನ್ವಯಿಸುತ್ತದೆ. ‘ಪ್ರತಿ’ ಎಂದು ಶುರುವಾಗುವ ಅಧ್ಯಾಯದಲ್ಲಿ ಮೊದಲ ಒಂದು ಸಂಕೇತವನ್ನು ಮಾತ್ರ ಟ್ಯಾಗಿನೊಳಗೆ ಹಾಕಿದರೆ ‘ಪ’ ದೊಡ್ಡದಾಗಿ ನಿಂತು, ರ ಒತ್ತು ಚುಕ್ಕಿ ವೃತ್ತದೊಂದಿಗೆ ಬೇರೆಯಾಗಿ ಬೀಳುತ್ತದೆ. ವ್ಯಂಜನದಿಂದ ಸ್ವರ ತೆಗೆಯುವ ವಿರಾಮ (ಹಲಂತ) &#3277; ಇದ್ದರೆ ಅದರ ಮುಂದಿನ ವ್ಯಂಜನವನ್ನೂ, ನಂತರದ ಸ್ವರ ಚಿಹ್ನೆಯನ್ನೂ ಸೇರಿಸಿಕೊಂಡೇ ಟ್ಯಾಗ್ ಮುಚ್ಚುವಂತೆ ಮಾಡಿದೆ.

ಹಂತ 6: ಕೊಳೆರೋಗದ ಅಧ್ಯಾಯ

ಬಹಳ ಹೊತ್ತು ಹಿಡಿದದ್ದು ಇದೊಂದೇ. ಪುಸ್ತಕದಲ್ಲಿ ಅತಿ ಮುಖ್ಯವಾದ ಅಧ್ಯಾಯವೂ ಇದೇ: ಮಳೆಗಾಲ ಹಿಡಿಯುವ ಮೊದಲು ಶೇ 1ರ ಬೋರ್ಡೋ ದ್ರಾವಣ ಸಿಂಪಡಿಸುವುದು, 40ರಿಂದ 45 ದಿನ ಬಿಟ್ಟು ಮತ್ತೆ ಸಿಂಪಡಿಸುವುದು, 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಇಲ್ಲಿ ಅಂಕಿ ತಪ್ಪಿದರೆ ಫಸಲು ಹೋಗುತ್ತದೆ.

ಆ ಎಚ್‌ಟಿಎಂಎಲ್ ಪುಟವನ್ನು ಯಾವುದೋ ಸಂಪಾದಕ ತಂತ್ರಾಂಶ ಒಮ್ಮೆ ಎಸ್ಕೇಪ್ ಮಾಡಿತ್ತು, ಇನ್ನೊಂದು ಅದರ ಮೇಲೆ ಮತ್ತೊಮ್ಮೆ. ‘ಅಲ್ಲ’ ಎಂಬುದರ ‘ಲ’ ಮೊದಲು &#174; ಆಗಿದೆ. ಎರಡನೆಯ ತಂತ್ರಾಂಶ ಅದರಲ್ಲಿ & ಕಂಡು ಅದನ್ನೂ ಎಸ್ಕೇಪ್ ಮಾಡಿದೆ, &#38;#174; ಆಗಿದೆ. ಬ್ರೌಸರ್ ಒಂದು ಪದರ ಬಿಚ್ಚುತ್ತದೆ, ಆದ್ದರಿಂದ ಪದದ ನಡುವೆ &#174; ಎಂದು ಬರಿಗಣ್ಣಿಗೆ ಕಾಣುತ್ತದೆ. ಪುಟದ ಎಲ್ಲ ಕಡೆಯೂ ಹೀಗೆ ಆಗಿರಲಿಲ್ಲ ಎಂಬುದು ಇನ್ನೂ ಕಷ್ಟ. ಕೆಲವು ಪ್ಯಾರಾಗಳಲ್ಲಿ ಒಂದೇ ಪದರ.

ಇಡೀ ಫೈಲಿನ ಮೇಲೆ ‘ಹುಡುಕು, ಬದಲಿಸು’ ನಡೆಸಿ &#38; ಇದ್ದಲ್ಲೆಲ್ಲ & ಮಾಡಿದೆ, ನಂತರ ಉಳಿದವನ್ನು ಬಿಚ್ಚಿದೆ. ಅಕ್ಷರಗಳು ಸರಿಯಾದವು. ಆದರೆ ಚಿತ್ರಗಳ ಸೂಚನೆಗಳು ಕಣ್ಮರೆಯಾದವು. ಡಿಟಿಪಿಯವರಿಗಾಗಿ ಲೇಖಕರು ‘<ಚಿತ್ರ 4 ಇಲ್ಲಿ>’ ಎಂದು ಪಠ್ಯದ ನಡುವೆ ಬರೆದಿದ್ದರು. ಅದು &#60; ಎಂದು ಸರಿಯಾಗಿ ಎಸ್ಕೇಪ್ ಆಗಿತ್ತು. ಕಚ್ಚಾ ಫೈಲಿನಲ್ಲೇ ಬಿಚ್ಚಿದ್ದರಿಂದ ಅದು ನಿಜವಾದ ಕೋನಾವರಣವಾಗಿ, ಪಠ್ಯ ಹೋಗಿ ಟ್ಯಾಗ್ ಆಯಿತು. ಇಲ್ಲಿ ಕನ್ನಡಿಗರು ಗಮನಿಸಬೇಕಾದ ಒಂದು ವಿಷಯವಿದೆ: ಎಚ್‌ಟಿಎಂಎಲ್ ನಿಯಮದಲ್ಲಿ < ನಂತರ ಇಂಗ್ಲಿಷ್ ಅಕ್ಷರ ಬಂದರೆ ಮಾತ್ರ ಟ್ಯಾಗ್ ಶುರು. ಎಕ್ಸ್‌ಎಂಎಲ್‌ನಲ್ಲಿ ಕನ್ನಡ ಅಕ್ಷರವೂ ಟ್ಯಾಗಿನ ಹೆಸರಾಗಬಹುದು. ಬ್ರೌಸರಿನಲ್ಲಿ ಬರಿಯ ಪಠ್ಯವಾಗಿ ಕಾಣುವ ‘<ಚಿತ್ರ’ ಇ-ಪಬ್‌ನೊಳಗೆ ಟ್ಯಾಗ್ ಎನಿಸಿಕೊಳ್ಳುತ್ತದೆ.

ಸರಿಯಾದ ಕ್ರಮ ಇದು. ಫೈಲನ್ನು ಮೊದಲು ಪಾರ್ಸರ್‌ಗೆ ಕೊಡಬೇಕು; ಯಾವುದು ಟ್ಯಾಗ್, ಯಾವುದು ಪಠ್ಯ ಎಂದು ಅದು ಬೇರ್ಪಡಿಸುತ್ತದೆ ಮತ್ತು ಒಂದು ಪದರವನ್ನು ತಾನೇ ಬಿಚ್ಚುತ್ತದೆ. ಆಮೇಲೆ ಕೇವಲ ಪಠ್ಯದ ತುಣುಕುಗಳಲ್ಲಿ, ಇನ್ನೂ &#ಅಂಕಿ; ಮಾದರಿ ಉಳಿದಿದ್ದರೆ ಮಾತ್ರ, ಎರಡನೆಯ ಪದರ ಬಿಚ್ಚಬೇಕು. ಆಗ ಹೊರಬರುವ < ಪಠ್ಯವಾಗಿಯೇ ಉಳಿಯುತ್ತದೆ, ಟ್ಯಾಗ್ ಆಗುವ ದಾರಿಯೇ ಇರುವುದಿಲ್ಲ.

‘ಮಾದರಿ ಉಳಿದಿದ್ದರೆ ಮಾತ್ರ’ ಎಂಬುದಕ್ಕೆ ಕಾರಣವಿದೆ. ಪೈಥಾನ್‌ನ ಬಿಚ್ಚುವ ಫಂಕ್ಷನ್ ಕೆಲವು ಹಳೆಯ ಎಂಟಿಟಿ ಹೆಸರುಗಳನ್ನು ಕೊನೆಯ ಅರ್ಧವಿರಾಮ ಇಲ್ಲದಿದ್ದರೂ ಒಪ್ಪಿಕೊಳ್ಳುತ್ತದೆ. ಎಚ್‌ಟಿಎಂಎಲ್ ನಿಯಮವೇ ಹಾಗಿದೆ. ಪುಟದ ಕೊನೆಯಲ್ಲಿ ಪಠ್ಯವಾಗಿ ಬರೆದ ಒಂದು ವೆಬ್ ವಿಳಾಸದಲ್ಲಿ & ನಂತರ ಇಂಗ್ಲಿಷಿನ ‘ಸೆಕ್ಷನ್’ ಪದ ಇತ್ತು. ಅದರ ಮೊದಲ ನಾಲ್ಕು ಅಕ್ಷರಗಳು § ಚಿಹ್ನೆಯ ಎಂಟಿಟಿ ಹೆಸರೇ ಆಗಿರುವುದರಿಂದ ವಿಳಾಸದ ನಡುವೆ § ಬಂತು, ನುಡಿ ಪರಿವರ್ತಕ ಅದನ್ನು ‘ಬ’ ಮಾಡಿತು.

ಇನ್ನೊಂದು ಬಲೆ &#145; ಮತ್ತು &#146;. ವಿಂಡೋಸ್‌ನ ಹಳೆಯ ಸಂಕೇತ ಪಟ್ಟಿಯಲ್ಲಿ ಇವು ಬಾಗಿದ ಉದ್ಧರಣೆ ಚಿಹ್ನೆಗಳು. ಯೂನಿಕೋಡ್‌ನಲ್ಲಿ 128ರಿಂದ 159ರವರೆಗಿನ ಸಂಖ್ಯೆಗಳು ನಿಯಂತ್ರಣ ಸಂಕೇತಗಳು, ಅವುಗಳಿಗೆ ರೂಪವಿಲ್ಲ. ಬ್ರೌಸರ್‌ಗಳು ಹಳೆಯ ಪುಟಗಳ ಮೇಲಿನ ಕರುಣೆಯಿಂದ &#146; ಅನ್ನು ಉದ್ಧರಣೆ ಚಿಹ್ನೆಯಾಗಿಯೇ ತೋರಿಸುತ್ತವೆ. ಎಕ್ಸ್‌ಎಂಎಲ್ ಪಾರ್ಸರ್ ಹಾಗೆ ಮಾಡುವುದಿಲ್ಲ; ತಪ್ಪನ್ನೂ ತೋರಿಸುವುದಿಲ್ಲ, ಚಿಹ್ನೆಯೂ ಕಾಣುವುದಿಲ್ಲ. ಇವನ್ನು ಕ್ರಮವಾಗಿ 8216 ಮತ್ತು 8217ಕ್ಕೆ ಬದಲಿಸಿದೆ.

ಹಂತ 7: ಎಕ್ಸ್‌ಎಚ್‌ಟಿಎಂಎಲ್ ಬರೆಯುವುದು

ಇಲ್ಲಿಯವರೆಗೆ ಎಲ್ಲ ಅಧ್ಯಾಯಗಳೂ ಎಸ್ಕೇಪ್ ಇಲ್ಲದ ಶುದ್ಧ ಪಠ್ಯವಾಗಿವೆ. ಈಗ ಅವನ್ನು ಎಕ್ಸ್‌ಎಚ್‌ಟಿಎಂಎಲ್ (ಎಕ್ಸ್‌ಎಂಎಲ್ ನಿಯಮ ಪಾಲಿಸುವ ಎಚ್‌ಟಿಎಂಎಲ್) ಪುಟಗಳಾಗಿ ಬರೆಯುವಾಗ ಒಂದೇ ಕಡೆ, ಒಂದೇ ಸಲ ಎಸ್ಕೇಪ್ ಮಾಡಬೇಕು. ಈ ಕೆಲಸದಲ್ಲಿ ನಾನು ಗಟ್ಟಿಯಾಗಿ ನಂಬಿರುವ ನಿಯಮ ಇದೊಂದೇ: ಪಠ್ಯ ಒಳಗೆ ಬರುವಾಗ ಪೂರ್ತಿ ಬಿಚ್ಚು, ನಡುವೆ ಮುಟ್ಟಬೇಡ, ಹೊರಗೆ ಹೋಗುವಾಗ ಒಮ್ಮೆ ಮಾತ್ರ ಕಟ್ಟು. ನಡುವೆ ಎಲ್ಲಿಯಾದರೂ ಇನ್ನೊಮ್ಮೆ ಕಟ್ಟಿದರೆ ಕೊಳೆರೋಗದ ಅಧ್ಯಾಯಕ್ಕೆ ಆದ ಗತಿಯೇ ಆಗುತ್ತದೆ.

ಕೈಯಿಂದ ಬದಲಿಸುವುದಾದರೆ ಕ್ರಮ ಮುಖ್ಯ. ಮೊದಲು &, ಆಮೇಲೆ ಉಳಿದವು.

ಮೂಲ: ಅಡಿಕೆ & ಕಾಳುಮೆಣಸು, ಪಿಎಚ್ < 5.5
ಸರಿ: ಅಡಿಕೆ &#38; ಕಾಳುಮೆಣಸು, ಪಿಎಚ್ &#60; 5.5
ಮೊದಲು < ಬದಲಿಸಿದರೆ: ಅಡಿಕೆ &#38; ಕಾಳುಮೆಣಸು, ಪಿಎಚ್ &#38;#60; 5.5

ಬಿಚ್ಚುವಾಗ ಇದಕ್ಕೆ ತಿರುಗುಮುರುಗು: & ಕೊನೆಗೆ. ಪೈಥಾನ್‌ನ ಸಿದ್ಧ ಫಂಕ್ಷನ್ ಬಳಸಿದರೆ ಈ ಚಿಂತೆ ಇಲ್ಲ. ಎಡಿಟರ್‌ನಲ್ಲಿ ಸಾಲು ಸಾಲಾಗಿ ಬದಲಿಸುವವರು ನೆನಪಿಡಬೇಕು.

ಇಪಬ್‌ಚೆಕ್ ಮೊದಲ ಸುತ್ತಿನಲ್ಲಿ ಆರ್‌ಎಸ್‌ಸಿ-016 ಎಂಬ ಮಾರಕ ದೋಷ ಕೊಟ್ಟಿತು. ಅಂಕಿ ಮತ್ತು ‘ಕೆ.ಜಿ.’ ನಡುವೆ ಸಾಲು ಮುರಿಯದಂತೆ ಹಾಕಿದ್ದ ಅಂಟುಖಾಲಿಯನ್ನು ನಾನು ಹೆಸರಿನ ಎಂಟಿಟಿಯಾಗಿ ಬರೆದಿದ್ದೆ. ಎಚ್‌ಟಿಎಂಎಲ್‌ಗೆ ಅಂಥ ಹೆಸರುಗಳು 2,000ಕ್ಕೂ ಹೆಚ್ಚು ಗೊತ್ತು. ಎಕ್ಸ್‌ಎಂಎಲ್‌ಗೆ ಹುಟ್ಟಿನಿಂದ ಗೊತ್ತಿರುವುದು ಐದೇ: &, <, >, ಒಂಟಿ ಉದ್ಧರಣೆ, ಜೋಡಿ ಉದ್ಧರಣೆ. ಇ-ಪಬ್ 3ರ ಪುಟಗಳು ಎಕ್ಸ್‌ಎಂಎಲ್ ನಿಯಮದಲ್ಲಿ ಓದಲ್ಪಡುವುದರಿಂದ ಉಳಿದ ಹೆಸರುಗಳಿಗೆ ಅಲ್ಲಿ ಅರ್ಥವಿಲ್ಲ, ಪುಟವೇ ತೆರೆಯುವುದಿಲ್ಲ. &#160; ಎಂದು ಅಂಕಿಯಲ್ಲಿ ಬರೆದರೆ ಎಲ್ಲ ಕಡೆಯೂ ನಡೆಯುತ್ತದೆ. ಅಂದಿನಿಂದ ಹೆಸರುಗಳನ್ನು ಪೂರ್ತಿ ಬಿಟ್ಟಿದ್ದೇನೆ.

ಚಿತ್ರಗಳ ಬದಲಿ ಪಠ್ಯದಲ್ಲಿ (ಚಿತ್ರ ಕಾಣದಿದ್ದರೆ ಬರುವ ವಿವರಣೆ) ಇಂಚಿನ ಗುರುತು ಸಿಕ್ಕಿಬಿತ್ತು. ‘2" ಪೈಪಿನ ಜೋಡಣೆ’ ಎಂದು ಜೋಡಿ ಉದ್ಧರಣೆಯೊಳಗೆ ಬರೆದರೆ 2ರ ನಂತರವೇ ಆ ಗುಣ (ಟ್ಯಾಗಿನೊಳಗೆ ಬರೆಯುವ ಮಾಹಿತಿ) ಮುಗಿದುಹೋಗುತ್ತದೆ. ಪಠ್ಯದಲ್ಲಿ ತೊಂದರೆ ಮಾಡದ " ಗುಣದ ಬೆಲೆಯೊಳಗೆ &#34; ಆಗಲೇಬೇಕು.

ಹೋಲಿಸಿ ನೋಡಲೆಂದು ಪ್ರತಿ ಪ್ಯಾರಾದ ಮೇಲೆ ನುಡಿಯ ಮೂಲ ಸಾಲನ್ನು ಟಿಪ್ಪಣಿಯಾಗಿ ಇಟ್ಟುಕೊಂಡಿದ್ದೆ. ಹಳೆಯ ಡಿಟಿಪಿ ರೂಢಿಯಂತೆ ಉದ್ದಗೆರೆಗೆ ಎರಡು ಅಡ್ಡಗೆರೆ -- ಹೊಡೆದಿದ್ದರು. ಎಕ್ಸ್‌ಎಂಎಲ್ ಟಿಪ್ಪಣಿಯೊಳಗೆ ಎರಡು ಅಡ್ಡಗೆರೆ ಒಟ್ಟಿಗೆ ಬರುವಂತಿಲ್ಲ, ಮತ್ತು ಅಲ್ಲಿ ಎಸ್ಕೇಪ್ ಮಾಡುವ ಸೌಲಭ್ಯವೂ ಇಲ್ಲ. ಟಿಪ್ಪಣಿಗಳನ್ನು ಬೇರೆ ಫೈಲಿಗೆ ಸಾಗಿಸಿದೆ.

ಒಳಗಿನದನ್ನು ಬರಿಯ ಪಠ್ಯವೆಂದೇ ಓದಿಸುವ ಸಿಡೇಟಾ ವಿಭಾಗದೊಳಗೆ ಎಲ್ಲವನ್ನೂ ಹಾಕಿದರೆ ಎಸ್ಕೇಪ್ ಬೇಡವಲ್ಲ ಎಂದು ಒಬ್ಬರು ಸಲಹೆ ಕೊಟ್ಟರು. ಬೇಡ. ಅದೇ ಪುಟವನ್ನು ಯಾರಾದರೂ ಎಚ್‌ಟಿಎಂಎಲ್ ಆಗಿ ತೆರೆದರೆ ಆ ವಿಭಾಗ ಟಿಪ್ಪಣಿಯೆಂದು ಎಣಿಕೆಯಾಗಿ ಪಠ್ಯ ಮಾಯವಾಗುತ್ತದೆ.

ಹಂತ 8: ಕಾಣದ ಅಕ್ಷರಗಳು

ಕರಡು ಪ್ರತಿ ನೋಡಿ ದೊಡ್ಡಪ್ಪ ಮೊದಲು ಕೇಳಿದ್ದು, ‘ಲೀಟರ್ಗೆ ಎಂದು ಯಾಕೆ ಬಂದಿದೆ? ನಾನು ಹೀಗೆ ಬರೆದವನಲ್ಲ’ ಎಂದು. ನೋಡಿದರೆ ಲೀಟರ್ಗೆ, ಹೆಕ್ಟೇರ್ಗೆ ಎಲ್ಲ ಕಡೆ.

ನುಡಿಯಲ್ಲಿ ‘ರ್’ ಬರೆಯಲು ವಿರಾಮದ ಚಿತ್ರ 239 ಇದೆ. ಅದರ ಮುಂದೆ ‘ಗೆ’ ಬಂದರೂ ಎರಡೂ ಬೇರೆ ಬೇರೆಯಾಗಿಯೇ ನಿಲ್ಲುತ್ತವೆ. ಯೂನಿಕೋಡ್‌ನಲ್ಲಿ ವಿರಾಮದ ಮುಂದೆ ವ್ಯಂಜನ ಬಂದರೆ ಕೂಡಿಕೊಳ್ಳುವುದೇ ನಿಯಮ. ಬೇರೆಯಾಗಿ ನಿಲ್ಲಿಸಲು ನಡುವೆ ಕಾಣದ ಅಕ್ಷರ 8204 ಹಾಕಬೇಕು: ಲೀಟರ್&#8204;ಗೆ ಎಂದು ಬರೆದರೆ ಲೀಟರ್‌ಗೆ ಎಂದು ಕಾಣುತ್ತದೆ. ನನ್ನ ಪರಿವರ್ತಕ ಇದನ್ನು ಹಾಕುತ್ತಿತ್ತು. ಕೊನೆಯಲ್ಲಿ ಓಡಿಸಿದ ‘ಕಾಣದ ಅಕ್ಷರಗಳನ್ನು ತೆಗೆ’ ಎಂಬ ಶುದ್ಧೀಕರಣದ ಸಾಲು ಅದನ್ನು ಅಳಿಸುತ್ತಿತ್ತು. ಇಂಥ ಸಾಲುಗಳು 8203ರಿಂದ 8207ರವರೆಗೆ ಎಲ್ಲವನ್ನೂ ಕಸವೆಂದು ಬಗೆಯುತ್ತವೆ. ಕನ್ನಡಕ್ಕೆ 8204 ಮತ್ತು 8205 ಕಸವಲ್ಲ. ‘ರ‍್ಯಾಂಕ್’ ಎಂದು ಬರೆಯಲು ರ ನಂತರ 8205, ಆಮೇಲೆ ವಿರಾಮ ಬರಬೇಕು. ಇಲ್ಲದಿದ್ದರೆ ಅರ್ಕಾವತ್ತು ಬಂದು ‘ರ್ಯಾಂಕ್’ ಆಗುತ್ತದೆ. ನಾನು ತೆಗೆದದ್ದು 8203 (ಅಗಲವಿಲ್ಲದ ಖಾಲಿ) ಮತ್ತು 65279 (ಫೈಲಿನ ಆರಂಭದ ಗುರುತು) ಎರಡನ್ನೇ.

8204, 8205 ಎರಡನ್ನೂ ಅಂಟುಖಾಲಿಯನ್ನೂ ಫೈಲಿನಲ್ಲಿ ಅಂಕಿಯ ರೂಪದಲ್ಲೇ ಇಟ್ಟೆ, ಕರಡು ತಿದ್ದುವಾಗ ಕಣ್ಣಿಗೆ ಕಾಣಲಿ ಎಂದು. ಉಳಿದ ಕನ್ನಡವನ್ನು ನೇರ ಅಕ್ಷರವಾಗಿಯೇ ಬರೆಯಬೇಕು. ಎಲ್ಲವನ್ನೂ ಅಂಕಿಯಾಗಿಸುವ ತಂತ್ರಾಂಶಗಳಿವೆ: ‘ಕನ್ನಡ’ ಎಂಬುದು &#3221;&#3240;&#3277;&#3240;&#3233; ಆಗುತ್ತದೆ. ಯೂನಿಕೋಡ್ ಅಕ್ಷರಗಳನ್ನು ಫೈಲಿನಲ್ಲಿ ಇಡುವ ಯುಟಿಎಫ್-8 ಕ್ರಮದಲ್ಲಿ 15 ಬೈಟ್ ಹಿಡಿಯುವ ಪದಕ್ಕೆ 35 ಬೈಟ್, ಮತ್ತು ಫೈಲನ್ನು ತೆರೆದ ಮನುಷ್ಯನಿಗೆ ಒಂದಕ್ಷರವೂ ಅರ್ಥವಾಗುವುದಿಲ್ಲ. ಸಿಜಿಲ್ ಉಳಿಸುವಾಗ ಅಂಕಿಗಳನ್ನು ನೇರ ಅಕ್ಷರವಾಗಿ ಬದಲಿಸಬಹುದು; ಅದರ ಆಯ್ಕೆಗಳಲ್ಲಿ ಉಳಿಸಬೇಕಾದ ಎಂಟಿಟಿಗಳ ಪಟ್ಟಿಗೆ &#8204; ಮತ್ತು &#8205; ಸೇರಿಸಿಟ್ಟೆ.

ನಾರ್ಮಲೈಸ್ ಮಾಡುವ, ಅಂದರೆ ಬೇರೆ ಬೇರೆ ರೀತಿ ಬರೆದ ಒಂದೇ ಅಕ್ಷರವನ್ನು ಒಂದೇ ರೂಪಕ್ಕೆ ತರುವ ಬಗ್ಗೆ ಒಂದು ಎಚ್ಚರಿಕೆ. ‘ಹೋ’ ಎಂಬುದನ್ನು ಒಂದೇ ಸ್ವರ ಚಿಹ್ನೆಯಿಂದಲೂ ಬರೆಯಬಹುದು, ಬಿಡಿ ತುಣುಕುಗಳಿಂದಲೂ ಬರೆಯಬಹುದು. ಕಾಣುವುದು ಒಂದೇ, ಹುಡುಕಿದರೆ ಒಂದಕ್ಕೊಂದು ಸಿಗುವುದಿಲ್ಲ. ಇದನ್ನು ಸರಿಪಡಿಸಲು ನಾರ್ಮಲೈಸ್ ಬಗೆಗಳಲ್ಲಿ ಎನ್‌ಎಫ್‌ಸಿ ಬೇಕು. ಮೊದಲು ಪ್ರಯೋಗಿಸಿದ್ದು ಎನ್‌ಎಫ್‌ಕೆಸಿ, ಅದೂ ಪರಿವರ್ತನೆಗೆ ಮುಂಚೆ. ಅದು ಹೋಲುವ ಚಿಹ್ನೆಗಳನ್ನು ಸರಳಗೊಳಿಸುತ್ತದೆ: ½ ಹೋಗಿ 1, ಗೆರೆ, 2 ಎಂಬ ಮೂರು ಚಿಹ್ನೆಯಾಗುತ್ತದೆ, ¹ ಹೋಗಿ 1 ಆಗುತ್ತದೆ. ನುಡಿಯಲ್ಲಿ ಅವು ಳಿ ಮತ್ತು ಸಿ. ‘ಹೇಳಿ’ಯ ಕೊನೆಯಲ್ಲಿ ಭಿನ್ನರಾಶಿ ಬಂದು ಕೂತಿತು, ‘ಸಿಂಪಡಿಸಿ’ ಒಂದರಿಂದ ಆರಂಭವಾಯಿತು. ಪರಿವರ್ತನೆಯ ನಂತರ ಓಡಿಸಿದರೂ ರಾಸಾಯನಿಕ ಸೂತ್ರಗಳ ಅಡಿ ಅಂಕಿ ₂, ₅ ಸಾಮಾನ್ಯ 2, 5 ಆಗುತ್ತವೆ. ವರ್ಷಕ್ಕೆ ಮರವೊಂದಕ್ಕೆ ಸಾರಜನಕ, ರಂಜಕ, ಪೊಟ್ಯಾಷ್ 100:40:140 ಗ್ರಾಂ ಎಂದು ಹೇಳುವ ಕೋಷ್ಟಕದ ತಲೆಬರಹ ಈ ಅಡಿ ಅಂಕಿಗಳಿಂದಲೇ ತುಂಬಿದೆ. ಪರಿವರ್ತನೆ ಮುಗಿದ ಮೇಲೆ, ಎನ್‌ಎಫ್‌ಸಿ ಮಾತ್ರ.

ಹಂತ 9: ಕಟ್ಟುವುದು ಮತ್ತು ತಪಾಸಣೆ

ಇ-ಪಬ್ ಎಂಬ ಜಿಪ್‌ನಲ್ಲಿ ಮೊದಲು ಬರಬೇಕಾದ, ಇದು ಇ-ಪಬ್ ಎಂದು ಹೇಳುವ ಮೈಮ್‌ಟೈಪ್ ಫೈಲ್ ಸಂಕುಚಿತವಾಗಿರಬಾರದು, ಅಳತೆ ಸರಿಯಾಗಿ 20 ಬೈಟ್ ಇರಬೇಕು. 23 ಎಂದು ತೋರಿಸಿದರೆ ಎಡಿಟರ್ ಅದರ ತಲೆಗೆ 239, 187, 191 ಎಂಬ ಬಾಮ್ (ಯೂನಿಕೋಡ್ ಫೈಲಿನ ಆರಂಭದ ಗುರುತು) ಬೈಟ್‌ಗಳನ್ನು ಸೇರಿಸಿದೆ ಎಂದರ್ಥ. 21 ಆದರೆ ಕೊನೆಗೊಂದು ಸಾಲುಮುರಿತ.

ಇಪಬ್‌ಚೆಕ್ ಪಾಸಾದರೆ ಮಾರ್ಕಪ್ ಸರಿ ಎಂದಷ್ಟೇ. ‘36ಲಿಅ’ ಅದರ ದೃಷ್ಟಿಯಲ್ಲಿ ನಿರ್ದೋಷಿ. ಆದ್ದರಿಂದ ಎರಡು ಪರೀಕ್ಷೆಗಳನ್ನು ಸೇರಿಸಿದೆ. ಒಂದು, ಸಿದ್ಧವಾದ ಪುಟವನ್ನು ಪಾರ್ಸರ್‌ನಿಂದ ಓದಿಸಿ, ಪಠ್ಯ ತೆಗೆದು, ಎಸ್ಕೇಪ್‌ಗೆ ಮುಂಚಿನ ಪಠ್ಯದೊಂದಿಗೆ ಹೋಲಿಸುವುದು. ಒಂದು ಅಕ್ಷರವೂ ಬೇರೆಯಾಗಬಾರದು. ಇನ್ನೊಂದು, ಡಾಕ್ಸ್‌ನ ಇಂಗ್ಲಿಷ್ ಫಾಂಟಿನ ರನ್‌ಗಳಲ್ಲಿ °, ½, ×, &, < ಎಷ್ಟಿವೆ ಎಂದು ಎಣಿಸಿ, ಸಿದ್ಧ ಪುಟದ ಪಠ್ಯದಲ್ಲೂ ಎಣಿಸಿ ತಾಳೆ ನೋಡುವುದು. ಎರಡನೆಯದು ಒಂದು ಕೋಷ್ಟಕದಲ್ಲಿ ಸರಿಹೊಂದಲಿಲ್ಲ: ಲೇಖಕರು ಒಂದು ½ ಅನ್ನು ನುಡಿ ಫಾಂಟಿನಲ್ಲೇ 1/2 ಎಂದು ಮೂರು ಚಿಹ್ನೆಯಾಗಿ ಬರೆದಿದ್ದರು, ಕರಡಿನಲ್ಲಿ ಅದನ್ನು ತಿದ್ದಿದ್ದೆ. ಆ ವ್ಯತ್ಯಾಸ ಸರಿಯಾದದ್ದೇ, ಬಿಟ್ಟೆ. ಕೊಳೆರೋಗದ ಅಧ್ಯಾಯಕ್ಕೆ ಡಾಕ್ಸ್ ಇಲ್ಲದ್ದರಿಂದ ದೊಡ್ಡಪ್ಪನವರ ಬಳಿಯಿದ್ದ ಅಚ್ಚಿನ ಪ್ರತಿಯೊಂದಿಗೆ ಅಂಕಿ ಅಂಕಿಯಾಗಿ ತಾಳೆ ನೋಡಿದೆವು. ಅವರು ಓದುತ್ತಾ ಹೋದರು, ನಾನು ಗುರುತು ಹಾಕುತ್ತಾ ಹೋದೆ.

ಬಾಕಿ ಇರುವುದು

ಲೀಟರ್‌ಗೆ ಎಂದು ಹುಡುಕಿದರೆ ಕೆಲವು ಓದುಗ ತಂತ್ರಾಂಶಗಳಲ್ಲಿ ಸಿಗುತ್ತದೆ, ಕೆಲವುಗಳಲ್ಲಿ ಇಲ್ಲ. ಕಾಣದ 8204 ಅನ್ನು ಒಂದೊಂದು ಒಂದೊಂದು ರೀತಿ ನಡೆಸಿಕೊಳ್ಳುತ್ತದೆ. ಪುಸ್ತಕದ ಕಡೆಯಿಂದ ಇದಕ್ಕೆ ಮಾಡಬಹುದಾದದ್ದು ಕಾಣುತ್ತಿಲ್ಲ. ಮುಖ್ಯ ಪದಗಳ ಸೂಚಿಯನ್ನು ಕೊಂಡಿಗಳೊಂದಿಗೆ ಕೊನೆಗೆ ಸೇರಿಸುತ್ತಿದ್ದೇನೆ, ಹುಡುಕಾಟ ಕೈಕೊಟ್ಟವರು ಅಲ್ಲಿಂದ ಹೋಗಬಹುದು. ದೊಡ್ಡಪ್ಪನವರ ಕಾಳುಮೆಣಸಿನ ಪುಸ್ತಕ ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದಲ್ಲಿದೆ. ಅದರ ಸಂಖ್ಯೆಗಳ ಕೋಷ್ಟಕವೇ ಬೇರೆ, ಆದ್ದರಿಂದ ಅದಕ್ಕೆ ಹಂತ 2ರಿಂದ ಮತ್ತೆ ಶುರು ಮಾಡಬೇಕು.